ಮೊದಲ ಸ್ಟ್ರಿಂಗ್ ಕ್ವಾರ್ಟೆಟ್: ನಾಲ್ಕು ತುಂಡು, ಒಂದೇ ಉಸಿರು, ಐದರ ಕಮಾನು

ಸ್ಟ್ರಿಂಗ್ ಕ್ವಾರ್ಟೆಟ್ ಎಂದರೆ ಎರಡು ವಯೋಲಿನ್, ಒಂದು ವಿಯೋಲಾ, ಒಂದು ಚೆಲ್ಲೋಗೆ ಬರೆದ ಕೃತಿ. ಅದನ್ನು ನಾಲ್ಕು ಬಿಡಿ ಮೂವ್‌ಮೆಂಟ್ (ಭಾಗ) ಆಗಿಯೋ, ನಿಲ್ಲದೆ ಹರಿಯುವ ಒಂದೇ ಉಸಿರಾಗಿಯೋ, ಐದು ಮೂವ್‌ಮೆಂಟಿನ ಕಮಾನಾಗಿಯೋ ಕಟ್ಟಬಹುದು. ಮೊದಲ ಸಲ ಕ್ವಾರ್ಟೆಟ್ ಬರೆಯುವವರಿಗೆ ನನ್ನ ಓಟು ನಾಲ್ಕು ಮೂವ್‌ಮೆಂಟ್‌ಗಳ ಹಳೇ ವಿನ್ಯಾಸಕ್ಕೇ. ಸ್ಕರ್ಟ್ಸೋ (ಚುರುಕಾದ, ಲಘುವಾದ ಮೂವ್‌ಮೆಂಟ್) ಮಾತ್ರ ಎರಡನೇ ಜಾಗಕ್ಕೆ ಬರಲಿ, ನಿಧಾನದ್ದು ಮೂರನೆಯದಾಗಲಿ. ಹೈಡನ್‌ನ ಓಪಸ್ (ಕೃತಿಸಂಖ್ಯೆ) 33ರ (1781) ಆರು ಕ್ವಾರ್ಟೆಟ್‌ಗಳಲ್ಲಿ ನಾಲ್ಕು ಹೀಗೇ ಇವೆ. ಭಾರವಾದ ಮೊದಲ ಮೂವ್‌ಮೆಂಟ್ ಮುಗಿದ ಕೂಡಲೇ ನಿಧಾನದ್ದು ಬಂದರೆ ಕಿವಿ ಜೋಲುತ್ತದೆ. ನಡುವೆ ಮೂರು ನಿಮಿಷದ ಸ್ಕರ್ಟ್ಸೋ ಇದ್ದರೆ ಚೇತರಿಸಿಕೊಳ್ಳುತ್ತದೆ.

ವೇಗ ಬದಲಾಯಿಸಿದ ಮಾತ್ರಕ್ಕೆ ವೈದೃಶ್ಯ ಬರುವುದಿಲ್ಲ. ನಾಲ್ವರೂ ಬಿಡುವಿಲ್ಲದೆ ನುಡಿಸುತ್ತ, ರಾಗವೆಲ್ಲ ಮೊದಲ ವಯೋಲಿನ್ ಪಾಲಾಗಿ, ಚೆಲ್ಲೋ ತಾಳಕ್ಕೊಂದು ಸ್ವರ ಹಾಕುತ್ತಿದ್ದರೆ, ಮೆಟ್ರೊನೋಮ್ ನಿಮಿಷಕ್ಕೆ 132 ಎಣಿಕೆಯಿಂದ 60ಕ್ಕೆ ಇಳಿದರೂ ಅದೇ ಸಂಗೀತ ನಿಧಾನವಾಗಿ ಕೇಳಿಸುತ್ತದೆ, ಅಷ್ಟೆ. ಹಾಗಾಗಿ ಬರೆಯುವ ಮೊದಲೇ ಪ್ರತಿ ಮೂವ್‌ಮೆಂಟ್‌ನಲ್ಲಿ ರಾಗ ಯಾರದು, ಸುಮ್ಮನಿರುವವರು ಯಾರು, ಅತಿ ಕೆಳಗಿನ ಸ್ವರ ಯಾವುದು ಎಂದು ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಸ್ಕರ್ಟ್ಸೋವನ್ನು ಪಿಜ್ಜಿಕಾಟೋದಲ್ಲಿ (ಬೋ ಬಿಟ್ಟು ಬೆರಳಿನಿಂದ ತಂತಿ ಮೀಟುತ್ತ) ಶುರುಮಾಡಬಹುದು. ಡೆಬ್ಯುಸಿ (1893), ರಾವೆಲ್ (1903) ಇಬ್ಬರ ಕ್ವಾರ್ಟೆಟ್‌ನಲ್ಲೂ ಎರಡನೇ ಮೂವ್‌ಮೆಂಟಿನ ರುಚಿಯೇ ಅದು. ನಿಧಾನದ್ದರಲ್ಲಿ ರಾಗ ವಿಯೋಲಾಕ್ಕೆ ಕೊಟ್ಟು, ಮೊದಲ ಎಂಟು ಬಾರ್ (ತಾಳದ ಆವರ್ತ) ಚೆಲ್ಲೋವನ್ನು ಸುಮ್ಮನಿರಿಸಿ. ವಿಯೋಲಾದ ಕೆಳಗಿನ ಸಿ ತಂತಿ ಚೆಲ್ಲೋದ್ದಕ್ಕಿಂತ ಒಂದು ಆಕ್ಟೇವ್ (ಸ್ಥಾಯಿ) ಮೇಲಿದೆ, ಆದ್ದರಿಂದ ಧ್ವನಿಯ ನೆಲವೇ ಮೇಲೇರುತ್ತದೆ. ಒಂಬತ್ತನೇ ಬಾರ್‌ಗೆ ಚೆಲ್ಲೋದ ಖಾಲಿ (ಬೆರಳೊತ್ತದ) ಸಿ ತಂತಿ ಬಂದಾಗ ಕೂತವರು ತಲೆ ಎತ್ತುತ್ತಾರೆ.

ಯಾವ ಶ್ರುತಿ (ಕೀ) ಎಂಬುದರಿಂದಲೂ ಬಣ್ಣ ಬದಲಾಗುತ್ತದೆ. ಮೊದಲನೆಯದು ಡಿ ಮೇಜರ್‌ನಲ್ಲಿದ್ದರೆ ವಯೋಲಿನ್‌ನ ನಾಲ್ಕೂ ಖಾಲಿ ತಂತಿಗಳು ಆ ಸ್ವರಸಾಲಿಗೆ ಸೇರುತ್ತವೆ. ನಿಧಾನದ್ದನ್ನು ಡಿ ಫ್ಲ್ಯಾಟ್ ಮೇಜರ್‌ಗೆ ಹಾಕಿದರೆ ಒಂದೂ ಸೇರುವುದಿಲ್ಲ, ನಾದ ತಾನಾಗಿಯೇ ಮಬ್ಬಾಗುತ್ತದೆ. ಹವ್ಯಾಸಿ ವಾದಕರಾದರೆ ಅಲ್ಲಿ ಅಪಸ್ವರ ಗ್ಯಾರಂಟಿ; ಇ ಫ್ಲ್ಯಾಟ್‌ನಲ್ಲಿ ತೃಪ್ತಿಪಟ್ಟುಕೊಳ್ಳಿ.

ಇನ್ನು ನಿಲ್ಲದೆ ಹರಿಯುವ ಬಗೆ. ಬೀಥೋವನ್‌ನ ಓಪಸ್ 131 (1826) ಏಳು ಭಾಗ, ಶೊಸ್ತಕೊವಿಚ್‌ನ ಎಂಟನೇ ಕ್ವಾರ್ಟೆಟ್ (1960) ಐದು ಭಾಗ, ಎರಡರಲ್ಲೂ ಭಾಗಗಳ ನಡುವೆ ಬಿಡುವಿಲ್ಲ. ಕೇಳಲು ಅದ್ಭುತ. ಬರೆಯಲು ಕೂತರೆ ತಲೆನೋವೆಲ್ಲ ಭಾಗಕ್ಕೆ ಭಾಗ ಸೇರಿಸುವ ಹೊಲಿಗೆಯಲ್ಲೇ.

ಮ್ಯೂಟ್ (ನಾದ ತಗ್ಗಿಸುವ ಪುಟ್ಟ ತುಂಡು) ಹಾಕಿಕೊಳ್ಳುವುದನ್ನೇ ನೋಡಿ. ರಬ್ಬರ್ ಮ್ಯೂಟ್ ಕುದುರೆಯ (ತಂತಿಗಳನ್ನು ಎತ್ತಿಹಿಡಿಯುವ ಮರದ ಪಟ್ಟಿ) ಹಿಂದೆ ತಂತಿಯ ಮೇಲೆ ಕೂತಿರುತ್ತದೆ. ಬೋ ಹಿಡಿದ ಕೈಯಿಂದಲೇ ಅದನ್ನು ಮುಂದಕ್ಕೆ ಸರಿಸಿ ಮತ್ತೆ ಬೋ ತಂತಿಗೆ ತರಲು ಮೂರ್ನಾಲ್ಕು ಸೆಕೆಂಡು ಬೇಕು. ಕ್ರಾಚೆಟ್ (ಇಲ್ಲಿ ಒಂದು ಎಣಿಕೆ) ನಿಮಿಷಕ್ಕೆ 120 ಇದ್ದಾಗ 4/4ರ ಒಂದು ಬಾರ್ ಎರಡು ಸೆಕೆಂಡು, ಅಂದರೆ ತಲಾ ಎರಡು ಬಾರ್ ಬಿಡುವು. ನಾಲ್ವರಿಗೂ ಒಟ್ಟಿಗೆ ಕೊಟ್ಟರೆ ಮೌನ ಬಿದ್ದು ಹೊಲಿಗೆಯೇ ಬಿಚ್ಚುತ್ತದೆ. ಒಬ್ಬೊಬ್ಬರಿಗೇ ಕೊಟ್ಟರೆ ಎಂಟು ಬಾರ್ ಹಿಡಿಯುತ್ತದೆ. ಅಷ್ಟರಲ್ಲಿ ನಾದ ಸೊರಗುತ್ತ ಬಂದು, ಮುಂದಿನದು ಮೆಲ್ಲಗಿರುತ್ತದೆ ಎಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಯಾವ ವೈದೃಶ್ಯಕ್ಕಾಗಿ ಇಷ್ಟು ಒದ್ದಾಡಿದೆವೋ ಅದೇ ಸೋರಿಹೋಗುತ್ತದೆ.

ಅದೇ ಜಾಗದಲ್ಲಿ ಪುಟ ತಿರುಗಿಸುವ ಪಾಡು ಬೇರೆ. ನಾಲ್ಕೂ ಪಾರ್ಟ್‌ಗಳಲ್ಲಿ (ಒಬ್ಬೊಬ್ಬ ವಾದಕರ ಹಾಳೆ) ಬಲಪುಟದ ಕೊನೆಗೆ ಬಿಡುವು ಬರಬೇಕು. ಮುದ್ರಣದಲ್ಲಿ ಒಂದು ಸಾಲು ಸರಿದರೆ ಲೆಕ್ಕವೆಲ್ಲ ಹಾಳು. ಟ್ಯಾಬ್ಲೆಟ್ಟು, ಕಾಲ್ಪೆಡಲು ಇದ್ದರೆ ಪುಟದ ಕಾಟ ತಪ್ಪೀತು, ಮ್ಯೂಟ್‌ನದ್ದು ತಪ್ಪದು. ನೊಟೇಶನ್ ಸಾಫ್ಟ್‌ವೇರಿಗೆ ಕೈಯೇ ಇಲ್ಲ. ಮ್ಯೂಟನ್ನು ಸೊನ್ನೆ ಸೆಕೆಂಡಿನಲ್ಲಿ ಹಾಕಿ ನುಡಿಸಿಬಿಡುತ್ತದೆ. ಹಾಗಾಗಿ ರಿಹರ್ಸಲ್‌ವರೆಗೂ ಇದು ಬಯಲಾಗುವುದೇ ಇಲ್ಲ. ಕಟುವಾದ ಪಿಜ್ಜಿಕಾಟೋದಿಂದ ಶ್ರುತಿ ಜಾರಿದರೆ ಸರಿಮಾಡಿಕೊಳ್ಳಲೂ ಪುರುಸೊತ್ತಿಲ್ಲ.

ಐದರ ಕಮಾನಿಗೆ ಮಾದರಿ ಬಾರ್ಟೋಕ್‌ನ ನಾಲ್ಕನೇ ಕ್ವಾರ್ಟೆಟ್ (1928): ಒಂದಕ್ಕೆ ಐದು ಜೋಡಿ, ಎರಡಕ್ಕೆ ನಾಲ್ಕು, ನಡುವೆ ನಿಧಾನದ್ದು. ಎರಡನೆಯದು ಪೂರ್ತಿ ಮ್ಯೂಟ್, ನಾಲ್ಕನೆಯದು ಪೂರ್ತಿ ಪಿಜ್ಜಿಕಾಟೋ. ಭಾಗಗಳ ನಡುವೆ ಬಿಡುವಿರುವುದರಿಂದ ಹೊಲಿಗೆಯ ಕಾಟವಿಲ್ಲ. ಆದರೆ ಐದನೆಯದು ಮೊದಲನೆಯದನ್ನು ನೆನಪಿಸಬೇಕು, ಪುನರಾವರ್ತನೆ ಅನ್ನಿಸಲೂಬಾರದು. ಅದು ಎರಡನೇ ಕ್ವಾರ್ಟೆಟ್‌ಗಿರಲಿ.

ನಾನು ವಾರಾಂತ್ಯಗಳಲ್ಲಿ ಬರೆಯುವವನು, ವಾದಕರಿಗೆ ಎರಡು ರಿಹರ್ಸಲ್‌ಗಿಂತ ಹೆಚ್ಚು ದುಡ್ಡು ಕೊಡಲಾರೆ. ನಾಲ್ಕು ತುಂಡಿದ್ದರೆ ಒಂದೊಂದನ್ನೇ ಮುಗಿಸಬಹುದು, ಒಂದು ಕೈಕೊಟ್ಟರೂ ಮೂರು ಉಳಿಯುತ್ತವೆ. ಹೆಸರಿಲ್ಲದವರ ಇಪ್ಪತ್ತು ನಿಮಿಷದ ಕೃತಿ ಎಂದರೆ ತಂಡದವರು ಹಿಂದೆಮುಂದೆ ನೋಡುತ್ತಾರೆ. ಮೂರು ನಿಮಿಷದ ಸ್ಕರ್ಟ್ಸೋ ಒಂದನ್ನೇ ಕೊಟ್ಟರೆ ನುಡಿಸಿಯಾರು. ನಿಮಿಷಗಳ ಲೆಕ್ಕ 7, 3, 6, 4 ಇರಲಿ. ಸ್ಕರ್ಟ್ಸೋ 3/4ರಲ್ಲಿದ್ದರೆ ಕೊನೆಯದನ್ನು 2/4ಕ್ಕೆ ಹಾಕಿ, ಇಲ್ಲದಿದ್ದರೆ ಎರಡು ಸ್ಕರ್ಟ್ಸೋ ಬರೆದಂತಾಗುತ್ತದೆ.