ಪೆಸಿಫಿಕ್ ಯುದ್ಧದ ಪಾಠ ಹೇಳುವ ಟಿಳಕವಾಡಿಯ ರವಿವಾರದ ತರಗತಿ: ಒಂದು ವಿಮರ್ಶೆ

ಬೆಳಗಾವಿಯ ಟಿಳಕವಾಡಿಯಲ್ಲಿ ಸೇನಾಧಿಕಾರಿಗಳಾಗಬಯಸುವವರು ಬರೆಯುವ ಸಿಡಿಎಸ್ ಮತ್ತು ಎನ್‌ಡಿಎ ಪರೀಕ್ಷೆಗಳಿಗೆ ತರಬೇತಿ ಕೊಡುವ ಸಣ್ಣ ಸಂಸ್ಥೆಯೊಂದು ಪ್ರತಿ ರವಿವಾರ ಯುದ್ಧ ಇತಿಹಾಸದ ವಿಶೇಷ ತರಗತಿ ನಡೆಸುತ್ತದೆ. ನನ್ನ ಮಗಳು ಅಲ್ಲಿಯ ವಿದ್ಯಾರ್ಥಿನಿ. ಪಾಲಕರು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುವುದಕ್ಕೆ ಸಂಸ್ಥೆಯವರ ಅಡ್ಡಿಯಿಲ್ಲವಾದ್ದರಿಂದ, ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ವಿರುದ್ಧ ಅಮೆರಿಕ ಹೂಡಿದ ರಣತಂತ್ರದ ಪಾಠಗಳನ್ನು ನಾನೂ ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುವ ನನಗೆ ಈ ವಿಷಯದಲ್ಲಿ ಬಹುಕಾಲದ ಆಸಕ್ತಿಯಿದೆ. ಮಕ್ಕಳನ್ನು ಇಲ್ಲಿಗೆ ಕಳಿಸಬೇಕೆಂದಿರುವ ಗೋಕಾಕ, ಅಥಣಿ, ಬೈಲಹೊಂಗಲ ಕಡೆಯ ಪಾಲಕರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಪರ್ಲ್ ಹಾರ್ಬರ್, ಮಿಡ್‌ವೇ, ಐವೊ ಜಿಮಾ ಎಂದು ಹೆಸರು, ಇಸವಿಗಳನ್ನು ಬಾಯಿಪಾಠ ಮಾಡಿಸುವ ತರಗತಿ ಇದಲ್ಲ. ಸೇನೆಯಲ್ಲಿ ಸುಬೇದಾರ್ ಮೇಜರ್ ಆಗಿ ನಿವೃತ್ತರಾದ ಶಿಕ್ಷಕರು ಕಾಳಗದ ಮಾತೆತ್ತುವ ಮೊದಲು ದೂರದ ಮಾತೆತ್ತುತ್ತಾರೆ. ಗೋಡೆಯ ತುಂಬ ಹರಡಿದ ಪೆಸಿಫಿಕ್ ಸಾಗರದ ನಕಾಶೆಯ ಮೇಲೆ ಗುಂಡುಸೂಜಿ ಚುಚ್ಚಿ, ವಿಮಾನಗಳ ಹಾರಾಟದ ವ್ಯಾಪ್ತಿಗೆ ಸರಿಯಾಗಿ ಅಳೆದು ಕತ್ತರಿಸಿದ ಕೆಂಪು ದಾರವನ್ನು ಅದಕ್ಕೆ ಕಟ್ಟಿ, ವೃತ್ತಾಕಾರವಾಗಿ ತಿರುಗಿಸಿ ತೋರಿಸುತ್ತಾರೆ. ಜಪಾನಿನ ದೊಡ್ಡ ನೆಲೆಯಾಗಿದ್ದ ರಬೌಲ್‌ನಿಂದ ಗ್ವಾಡಲ್‌ಕೆನಾಲ್ ದ್ವೀಪಕ್ಕೆ ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರ. ಅಷ್ಟು ದೂರ ಹಾರಿಬಂದ ಜಪಾನಿನ ಝೀರೊ ವಿಮಾನಕ್ಕೆ ಕಾದಾಡಲು ಸಿಗುತ್ತಿದ್ದದ್ದು ಕೆಲವೇ ನಿಮಿಷ. ಪೆಟ್ಟು ತಿಂದ ವಿಮಾನ ಮರಳಿ ಮನೆ ಮುಟ್ಟುವುದೇ ಕಷ್ಟ. 1942ರ ಆಗಸ್ಟ್‌ನಲ್ಲಿ ಅಮೆರಿಕದವರು ಗ್ವಾಡಲ್‌ಕೆನಾಲ್‌ನಲ್ಲಿ ವಶಪಡಿಸಿಕೊಂಡ ಅರೆಬರೆ ವಿಮಾನ ನಿಲ್ದಾಣಕ್ಕಾಗಿ ಎರಡೂ ಕಡೆಯವರು 1943ರ ಫೆಬ್ರುವರಿಯವರೆಗೆ ಏಕೆ ಹಾಗೆ ಹೋರಾಡಿದರು ಎಂಬುದು ಆ ದಾರವನ್ನು ನೋಡಿದ ಮಕ್ಕಳಿಗೆ ಬೇರೆ ವಿವರಣೆಯಿಲ್ಲದೆ ತಿಳಿಯಿತು. ಇಷ್ಟು ಅಗ್ಗದ ಸಾಮಗ್ರಿಯಿಂದ ಇಷ್ಟು ಸ್ಪಷ್ಟವಾಗಿ ಕಲಿಸುವುದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಈ ತರಗತಿಯ ಜೀವಾಳವಿರುವುದು ದ್ವೀಪಗಳನ್ನು ದಾಟಿ ಮುಂದೆ ಹೋಗುವ ತಂತ್ರವನ್ನು ಬಿಡಿಸಿ ಹೇಳುವ ಪಾಠಗಳಲ್ಲಿ. ನ್ಯೂ ಬ್ರಿಟನ್ ದ್ವೀಪದ ರಬೌಲ್‌ನಲ್ಲಿ ಜಪಾನಿನ ಸುಮಾರು ಒಂದು ಲಕ್ಷ ಸೈನಿಕರಿದ್ದರು. ನೇರವಾಗಿ ಲಗ್ಗೆ ಹಾಕಿದ್ದರೆ ರಕ್ತದ ಹೊಳೆ ಹರಿಯುತ್ತಿತ್ತು. ಅಮೆರಿಕ ಮತ್ತು ಅದರ ಮಿತ್ರರು 1943–44ರಲ್ಲಿ ಸುತ್ತಲಿನ ನೆಲೆಗಳನ್ನು ಒಂದೊಂದಾಗಿ ಹಿಡಿದು, ಅಲ್ಲಿ ವಿಮಾನ ನಿಲ್ದಾಣ ಕಟ್ಟಿ, ಬಾಂಬು ಹಾಕಿ, ರಬೌಲ್‌ಗೆ ಹೋಗುವ ಹಡಗಿನ ದಾರಿಗಳನ್ನು ಕಡಿದರು. ಹೀಗೆ ಇದ್ದಲ್ಲಿಯೇ ಸಿಕ್ಕಿಬಿದ್ದ ಸೈನ್ಯ 1945ರ ಶರಣಾಗತಿಯವರೆಗೆ ಯುದ್ಧದ ಗತಿಯನ್ನು ಬದಲಿಸಲಾರದೆ ಹೋಯಿತು. ಅಥಣಿಯ ಹುಡುಗನೊಬ್ಬ ಎದ್ದು ನಿಂತು, “ಸರ್, ಹಂಗಾದ್ರ ಒಳಗಿದ್ದ ಮಂದಿ ಏನ್ ಮಾಡಿದ್ರು?” ಎಂದು ಕೇಳಿದ. “ಕಾಯಿಪಲ್ಲೆ ಬೆಳಕೊಂಡು ಕುಂತ್ರು ತಮ್ಮಾ. ಹೊರಗ ಬರಾಕ ಹಡಗೂ ಇಲ್ಲ, ವಿಮಾನಾನೂ ಇಲ್ಲ” ಎಂದು ಶಿಕ್ಷಕರು ಉತ್ತರಿಸಿದರು. ಅದು ಅಕ್ಷರಶಃ ನಿಜ. ಅಲ್ಲಿಯ ಸೈನಿಕರು ತೋಟ ಮಾಡಿಯೇ ಹೊಟ್ಟೆ ಹೊರೆದುಕೊಂಡರು. ಇದನ್ನೇ ಶಿಕ್ಷಕರು 1685–86ರಲ್ಲಿ ಔರಂಗಜೇಬನು ವಿಜಯಪುರಕ್ಕೆ ಹಾಕಿದ ಮುತ್ತಿಗೆಯೊಂದಿಗೆ ಹೋಲಿಸಿದರು. ಹಸಿವೆಯಿಂದ ಬಳಲಿಸಿದ ಮೇಲೂ ಔರಂಗಜೇಬನಿಗೆ ಆ ಕೋಟೆ ಬೇಕೇ ಬೇಕಾಗಿತ್ತು, ಅಮೆರಿಕಕ್ಕಾದರೋ ರಬೌಲ್ ಬೇಕಾಗಿರಲೇ ಇಲ್ಲ ಎಂದು ಅವರು ತೋರಿಸಿಕೊಟ್ಟ ವ್ಯತ್ಯಾಸವನ್ನು ನಾನು ನನ್ನ ತರಗತಿಯಲ್ಲಿಯೂ ಬಳಸಲಿದ್ದೇನೆ.

ಆದರೆ ಇದೇ ಪಾಠದಲ್ಲಿ ಒಂದು ತಿದ್ದುಪಡಿ ಆಗಲೇಬೇಕು. ರಬೌಲ್ ಬಿಟ್ಟು ಮುಂದೆ ಹೋಗುವ ಆಲೋಚನೆಯ ಪೂರ್ತಿ ಕೀರ್ತಿಯನ್ನು ಶಿಕ್ಷಕರು ಅಮೆರಿಕದ ಜನರಲ್ ಮೆಕಾರ್ಥರ್‌ಗೆ ಕೊಡುತ್ತಾರೆ. ವಾಸ್ತವದಲ್ಲಿ ಮೆಕಾರ್ಥರ್ ಮೊದಲು ರಬೌಲನ್ನು ಗೆಲ್ಲಲೇಬೇಕೆಂದಿದ್ದರು. ಅದನ್ನು ಬಿಟ್ಟುಬಿಡುವ ನಿರ್ಣಯ 1943ರ ಆಗಸ್ಟ್‌ನಲ್ಲಿ ಅಮೆರಿಕ, ಬ್ರಿಟನ್ ನಾಯಕರು ಸೇರಿದ ಕ್ವಿಬೆಕ್ ಸಮ್ಮೇಳನದಲ್ಲಿ ಮೇಲಿನ ಹಂತದಲ್ಲಿ ಆಯಿತು. ನೈಋತ್ಯ ಪೆಸಿಫಿಕ್ ಮೆಕಾರ್ಥರ್ ಕೈಯಲ್ಲಿ, ಉಳಿದ ಸಾಗರದ ಬಹುಭಾಗ ಅಡ್ಮಿರಲ್ ನಿಮಿಟ್ಸ್ ಕೈಯಲ್ಲಿ ಎಂದು ದಂಡನಾಯಕತ್ವವೇ ಎರಡಾಗಿ ಒಡೆದಿದ್ದು, ಆ ಎರಡು ದಾರಿಗಳ ನಡುವಿನ ಪೈಪೋಟಿಯಿಂದ ಹಡಗು, ಸೈನ್ಯಗಳ ಹಂಚಿಕೆಯಲ್ಲಿ ಜಗ್ಗಾಟವೂ, ಯಾವ ಕಡೆ ಕಾವಲು ಹಾಕಬೇಕೆಂದು ಜಪಾನಿಗೆ ಗೊಂದಲವೂ ಒಟ್ಟಿಗೆ ಉಂಟಾದ ಸಂಗತಿ ಈ ವಿಷಯದ ಬಹುಮುಖ್ಯ ಭಾಗವಾಗಿದೆ. ಅದನ್ನು ಒಂದೇ ವಾಕ್ಯದಲ್ಲಿ ಮುಗಿಸುವುದು ಸರಿಯಲ್ಲ.

1943ರ ನವೆಂಬರ್‌ನಲ್ಲಿ ಮಧ್ಯ ಪೆಸಿಫಿಕ್‌ನ ತರಾವಾ ದ್ವೀಪದಲ್ಲಿ ನಡೆದ ಕಾಳಗವನ್ನು ಹೇಳಿದ ರೀತಿಯನ್ನು ಮಾತ್ರ ಎಷ್ಟು ಹೊಗಳಿದರೂ ಸಾಲದು. ನೀರಿನ ಮಟ್ಟ ಇಳಿದಿದ್ದರಿಂದ ದೋಣಿಗಳು ಹವಳದ ದಿಬ್ಬದ ಮೇಲೆ ಸಿಕ್ಕಿಬಿದ್ದವು. ಸೈನಿಕರು ಗುಂಡಿನ ಸುರಿಮಳೆಯಲ್ಲಿ ನೂರಾರು ಮೀಟರ್ ನೀರಿನಲ್ಲಿ ನಡೆದೇ ದಡ ಸೇರಬೇಕಾಯಿತು. ಮೂರು ದಿನಗಳಲ್ಲಿ ಸುಮಾರು ಸಾವಿರ ಅಮೆರಿಕನ್ನರು ಸತ್ತರು, ಜಪಾನಿನ ಕಾವಲು ಪಡೆ ಹೆಚ್ಚುಕಡಿಮೆ ಪೂರ್ತಿಯಾಗಿ ನಾಶವಾಯಿತು. ಆ ಪೆಟ್ಟಿನಿಂದ ಕಲಿತದ್ದನ್ನು 1944ರ ಫೆಬ್ರುವರಿಯ ಕ್ವಾಜಲೀನ್ ದ್ವೀಪದ ದಾಳಿಯಲ್ಲಿ ಹೇಗೆ ಬಳಸಿದರು, ಬಾಂಬು ದಾಳಿ ಎಷ್ಟು ಹೆಚ್ಚಿತು, ನೀರು ನೆಲ ಎರಡರಲ್ಲಿಯೂ ಓಡುವ ವಾಹನಗಳು ಎಷ್ಟು ಹೆಚ್ಚಾಗಿ ಬಂದವು ಎಂಬುದನ್ನು ಶಿಕ್ಷಕರು ಎರಡು ನಕಾಶೆಗಳನ್ನು ಪಕ್ಕಪಕ್ಕದಲ್ಲಿ ತೂಗುಹಾಕಿ ವಿವರಿಸಿದರು. ಸೈಪಾನ್, ಟಿನಿಯನ್, ಗ್ವಾಮ್ ದ್ವೀಪಗಳ ಪಾಠವೂ ಇದೇ ಗುಣಮಟ್ಟದ್ದು: ಅಲ್ಲಿಂದ ಟೋಕಿಯೊಗೆ ಸುಮಾರು 2,400 ಕಿಲೋಮೀಟರ್, ಅಮೆರಿಕದ ಬಿ-29 ಬಾಂಬರ್ ವಿಮಾನ ಹೋಗಿ ಮರಳಿ ಬರಬಲ್ಲ ದೂರ. ಸೈಪಾನ್ ಬಿದ್ದ ಬೆನ್ನಿಗೇ 1944ರ ಜುಲೈಯಲ್ಲಿ ಪ್ರಧಾನಿ ಟೋಜೊ ರಾಜೀನಾಮೆ ಕೊಟ್ಟದ್ದೇಕೆ ಎಂಬುದಕ್ಕೂ ದಾರವೇ ಉತ್ತರ ಹೇಳಿತು. ಮಿಡ್‌ವೇ ಪಾಠ ಸಾಧಾರಣ. ಗೈಡುಗಳಲ್ಲಿ ಇದ್ದದ್ದಕ್ಕಿಂತ ಹೆಚ್ಚೇನೂ ಇಲ್ಲ.

ದೊಡ್ಡ ಕೊರತೆಯೆಂದರೆ ಜಲಾಂತರ್ಗಾಮಿಗಳ ಭಾಗ. ಅಮೆರಿಕದ ನೌಕಾಪಡೆಯ ಸಿಬ್ಬಂದಿಯಲ್ಲಿ ನೂರಕ್ಕೆ ಎರಡರಷ್ಟೂ ಇರದಿದ್ದ ಈ ಪಡೆ, ಮುಳುಗಿದ ಜಪಾನಿ ವ್ಯಾಪಾರಿ ಹಡಗುಗಳ ಒಟ್ಟು ಟನ್ನಿನಲ್ಲಿ ಅರ್ಧಕ್ಕೂ ಹೆಚ್ಚನ್ನು ತಾನೇ ಮುಳುಗಿಸಿತು. ಎಣ್ಣೆಗಾಗಿಯೇ ಡಚ್ ಈಸ್ಟ್ ಇಂಡೀಸ್‌ಗೆ, ಅಂದರೆ ಇಂದಿನ ಇಂಡೊನೇಷ್ಯಕ್ಕೆ, ಕೈಹಾಕಿದ ಜಪಾನ್ ಆ ಎಣ್ಣೆಯನ್ನು ಮನೆಗೆ ತರಲಾಗದೆ ಸೋತಿತು. ಮೊದಲಿನ ಸುಮಾರು ಎರಡು ವರ್ಷ ನೀರೊಳಗೆ ಓಡಿ ಹಡಗಿಗೆ ಬಡಿದು ಸಿಡಿಯಬೇಕಾದ ಅಮೆರಿಕದ ಮಾರ್ಕ್ 14 ಟಾರ್ಪೆಡೊ ಹೊಂದಿಸಿದ್ದಕ್ಕಿಂತ ಆಳದಲ್ಲಿ ಓಡಿ ಹಡಗಿನ ಕೆಳಗೆ ಹಾದುಹೋಗುತ್ತಿತ್ತು, ನೇರವಾಗಿ ಬಡಿದಾಗಲೂ ಎಷ್ಟೋ ಸಲ ಸಿಡಿಯುತ್ತಿರಲಿಲ್ಲ. ನಾವಿಕರ ದೂರನ್ನು ಅಧಿಕಾರಿಗಳು ಬಹುಕಾಲ ನಂಬಲೇ ಇಲ್ಲ. ಸೇನೆಗೆ ಸೇರಲಿರುವ ಮಕ್ಕಳು ತಿಳಿಯಲೇಬೇಕಾದ ಈ ಸಂಗತಿ ಪಾಠದಲ್ಲಿ ಬರಲೇ ಇಲ್ಲ. ಜಲಾಂತರ್ಗಾಮಿ ಯುದ್ಧವನ್ನೆಲ್ಲ ಚಹಾ ವಿರಾಮದ ಮುಂಚಿನ ಅರ್ಧ ಗಂಟೆಯಲ್ಲಿ ತುರುಕಿದ್ದರು. ಅದಕ್ಕೊಂದು ಪೂರ್ತಿ ರವಿವಾರ ಬೇಕು.

ನನ್ನ ಎರಡನೆಯ ಆಕ್ಷೇಪ ಸಾಮಾನ್ಯ ಜನರ ಸಾವನ್ನು ಕುರಿತದ್ದು. 1945ರ ಮಾರ್ಚ್ 9–10ರ ರಾತ್ರಿ ಟೋಕಿಯೊ ಮೇಲೆ ಸುರಿದ ಬೆಂಕಿ ಬಾಂಬುಗಳು, ಏಪ್ರಿಲ್‌ನಿಂದ ಜೂನ್‌ವರೆಗೆ ಓಕಿನಾವಾದಲ್ಲಿ ಎರಡು ಸೈನ್ಯಗಳ ನಡುವೆ ಸಿಕ್ಕಿ ಸತ್ತ ನಾಗರಿಕರು, ಇವೆಲ್ಲ ಅದೇ ರಣತಂತ್ರದ ಫಲಗಳು. ಶಿಕ್ಷಕರು ಇವನ್ನು ಹೆಸರಿಸಿ ಮುಂದೆ ಸಾಗಿದರು. ಹಿರೋಶಿಮಾ ಮತ್ತು ನಾಗಾಸಾಕಿಯ ಬಗ್ಗೆ ಅವರು ಕೊಟ್ಟದ್ದು ಒಂದೇ ಉತ್ತರ: ಬಾಂಬು ಹಾಕದಿದ್ದರೆ ಕ್ಯುಶೂ ದ್ವೀಪದ ಮೇಲೆ ನವೆಂಬರ್‌ಗೆ ಯೋಜಿಸಿದ್ದ ದಾಳಿಯಲ್ಲಿ ಇನ್ನೂ ಹೆಚ್ಚು ಜನ ಸಾಯುತ್ತಿದ್ದರು. ಆ ವಾದಕ್ಕೆ ತೂಕವಿದೆ. ಆದರೆ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟ ಯುದ್ಧಕ್ಕಿಳಿದದ್ದನ್ನೂ, ಹಡಗುಗಳಿಲ್ಲದೆ ಜಪಾನ್ ಆಗಲೇ ಉಸಿರುಗಟ್ಟಿದ್ದನ್ನೂ ಮಕ್ಕಳ ಮುಂದೆ ಇಟ್ಟು, ಅವರೇ ವಿಚಾರ ಮಾಡಲು ಬಿಡಬೇಕಾಗಿತ್ತು.

ಇನ್ನೊಂದು ಸಲಹೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವಿರುವ ಊರು ನಮ್ಮದು. ಅದೇ ರೆಜಿಮೆಂಟಿನ ನಾಲ್ಕನೆಯ ಬೆಟಾಲಿಯನ್ 1944ರ ಮಾರ್ಚ್‌ನಲ್ಲಿ ಮಣಿಪುರದ ಸಾಂಗ್‌ಶಾಕ್‌ನಲ್ಲಿ ಜಪಾನಿಯರನ್ನು ಎದುರಿಸಿತು. ಅದು ಬ್ರಿಟಿಷರ ಅಧೀನದ ಯುದ್ಧ, ಅಮೆರಿಕದ ತಂತ್ರದ ಭಾಗವಲ್ಲ ಎಂಬುದು ಸರಿ. ಆದರೂ ಜಪಾನ್ ಒಂದೇ ಕಾಲಕ್ಕೆ ಎಷ್ಟು ದಿಕ್ಕುಗಳಲ್ಲಿ ಸೈನ್ಯ ಚೆಲ್ಲಿತ್ತು ಎಂದು ತೋರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೆಳಗಾವಿಯ ಮಕ್ಕಳಿಗೆ ಎಲ್ಲಿ ಸಿಕ್ಕೀತು?

ವ್ಯವಸ್ಥೆಯ ಬಗ್ಗೆ ಹೇಳುವುದಾದರೆ, ಕೊಠಡಿ ಗಾಳಿ ಬೆಳಕಿನಿಂದ ಕೂಡಿದೆ, ಪಾಠ ಕನ್ನಡದಲ್ಲಿಯೇ ನಡೆಯುತ್ತದೆ, ಪ್ರಶ್ನೆ ಕೇಳಿದವರನ್ನು ಯಾರೂ ಗದರಿಸುವುದಿಲ್ಲ. ಮುದ್ರಿತ ಟಿಪ್ಪಣಿಗಳು ಮಾತ್ರ ಕಳಪೆ. ಝೆರಾಕ್ಸ್ ಮಾಡಿದ ನಕಾಶೆಗಳಲ್ಲಿ ಸಮುದ್ರವೂ ದ್ವೀಪವೂ ಒಂದೇ ಕಪ್ಪು. ಮಕ್ಕಳು ಗೋಡೆಯ ನಕಾಶೆಯನ್ನು ನೋಡಿ ತಾವೇ ಬರೆದುಕೊಳ್ಳುವುದು ಒಳ್ಳೆಯದು. ಶುಲ್ಕ ಸ್ವಲ್ಪ ಹೆಚ್ಚೆನಿಸಿದರೂ ಪಾಠಕ್ಕೆ ತಕ್ಕದ್ದಾಗಿದೆ, ಮಗಳನ್ನು ಮುಂದಿನ ಭಾಗಕ್ಕೂ ಕಳಿಸುತ್ತಿದ್ದೇನೆ. ಹೊಸದಾಗಿ ಸೇರುವವರು ತರಾವಾ ಪಾಠದ ದಿನ ಯಾವುದೆಂದು ಕಚೇರಿಯಲ್ಲಿ ವಿಚಾರಿಸಿ, ಅಂದು ಒಮ್ಮೆ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿ, ಆಮೇಲೆ ಹಣ ಕಟ್ಟಬಹುದು.