ತುಮಕೂರಿನ ವೈಜ್ಞಾನಿಕ ಕಲ್ಪನೆಯ ಚಿತ್ರಸರಣಿ: ಆಯ್ಕೆ ಗಟ್ಟಿ, ಪರದೆ ಮಂಕು

ತುಮಕೂರಿನ ಬಿ.ಎಚ್. ರಸ್ತೆಗೆ ಹತ್ತಿರದ ಸಭಾಂಗಣವೊಂದರಲ್ಲಿ ಸಿನಿಮಾಸಕ್ತರ ಬಳಗವೊಂದು ಭಾನುವಾರ ಸಂಜೆ ನಡೆಸುತ್ತಿರುವ ವೈಜ್ಞಾನಿಕ ಕಲ್ಪನೆಯ ಚಿತ್ರಗಳ ಪ್ರದರ್ಶನ, ಆಯ್ಕೆಯ ಮಟ್ಟಿಗೆ, ಮನಸಾರೆ ಮೆಚ್ಚತಕ್ಕದ್ದು. ಕಣ್ಣು ಕೋರೈಸುವ ಚಿತ್ರಗಳು ನಮ್ಮ ಚಿತ್ರಮಂದಿರಗಳಿಗೆ ತಾವಾಗಿಯೇ ಬರುತ್ತವೆ. ನೋಡಿ ಬಂದ ಮೇಲೂ ತಲೆಯಲ್ಲಿ ಬೆಳೆಯುತ್ತಲೇ ಹೋಗುವ ಚಿತ್ರಗಳನ್ನು ನಾಲ್ಕು ಜನರ ನಡುವೆ ಕುಳಿತು ನೋಡಬೇಕೆಂದರೆ ಬೆಂಗಳೂರಿನ ರೈಲು ಹತ್ತಬೇಕಿತ್ತು.

ಆದರೆ ಬಳಗದವರು ಪ್ರತಿ ಸಲವೂ ಒತ್ತಿ ಹೇಳುವ 'ನಮಗೆ ವೈಭವ ಬೇಡ, ಅರ್ಥ ಬೇಕು' ಎಂಬ ಮಾತನ್ನು ನಾನು ಒಪ್ಪಲಾರೆ. ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಗುಬ್ಬಿ ಕಂಪನಿಯ ಜಿಲ್ಲೆ ನಮ್ಮದು. ವೈಭವವನ್ನು ಕೀಳಾಗಿ ಕಾಣುವುದು ನಮಗೆ ಒಪ್ಪುವುದಿಲ್ಲ. ಸ್ಟ್ಯಾನ್ಲಿ ಕುಬ್ರಿಕ್ ಅವರ '2001: ಎ ಸ್ಪೇಸ್ ಒಡಿಸ್ಸಿ' (1968) ಚಿತ್ರವನ್ನೇ ನೋಡಿ. ವಾನರನೊಬ್ಬ ಆಕಾಶಕ್ಕೆ ಎಸೆದ ಮೂಳೆ ಕೆಳಗಿಳಿಯುತ್ತಿರುವಂತೆಯೇ ದೃಶ್ಯ ಕತ್ತರಿಸಿ, ಅದರ ಜಾಗದಲ್ಲಿ ಬಾಹ್ಯಾಕಾಶದಲ್ಲಿ ತೇಲುವ ಯಾನವೊಂದು ಕಾಣಿಸುತ್ತದೆ. ಮನುಷ್ಯ ಹಿಡಿದ ಮೊದಲ ಉಪಕರಣ ಕೊಲ್ಲುವ ಆಯುಧವೂ ಆಗಿತ್ತೆಂಬುದನ್ನು, ಅವನ ಇಂದಿನ ಯಂತ್ರಗಳೂ ಅದೇ ವಂಶದವೆಂಬುದನ್ನು ಒಂದು ಮಾತೂ ಇಲ್ಲದೆ ಹೇಳಿಬಿಡುವ ಈ ಜಿಗಿತವನ್ನು ಸಂಕೇತವೆನ್ನೋಣವೇ, ವೈಭವವೆನ್ನೋಣವೇ? ಕುಬ್ರಿಕ್ ಅವರಿಗೆ ಜೀವಮಾನದಲ್ಲಿ ಸಿಕ್ಕ ಒಂದೇ ಆಸ್ಕರ್ ಈ ಚಿತ್ರದ ದೃಶ್ಯ ಪರಿಣಾಮಗಳಿಗೆ ಬಂದದ್ದೆಂಬುದನ್ನೂ ಇಲ್ಲಿ ನೆನೆಯಬೇಕು.

ಹೀಗಿರುವಾಗ ಪ್ರದರ್ಶನದ ಗುಣಮಟ್ಟವನ್ನು ಹಗುರವಾಗಿ ಕಾಣುವಂತಿಲ್ಲ. ಈ ಚಿತ್ರ ತೋರಿಸಿದ ದಿನ ಸಭಾಂಗಣದ ಗವಾಕ್ಷಿಗಳಿಂದ ಸಂಜೆಯ ಬೆಳಕು ಪರದೆಯ ಮೇಲೆ ಬೀಳುತ್ತಲೇ ಇತ್ತು; ಕಥೆಯಲ್ಲಿ ಮತ್ತೆ ಮತ್ತೆ ಎದುರಾಗುವ, ಚಿತ್ರದ ಒಡಲಾಗಿರುವ ಕಪ್ಪು ಶಿಲಾಫಲಕ ಬೂದುಬಣ್ಣಕ್ಕೆ ತಿರುಗಿ, ಅದರ ನಿಗೂಢತೆಯೂ ತೆಳುವಾಯಿತು. ನೌಕೆಯನ್ನು ನಡೆಸುವ ಹ್ಯಾಲ್ ಎಂಬ ಕಂಪ್ಯೂಟರಿನ ನೆನಪಿನ ಫಲಕಗಳನ್ನು ಗಗನಯಾತ್ರಿ ಒಂದೊಂದಾಗಿ ಸಡಿಲಿಸುವಾಗ, ಭಯವಾಗುತ್ತಿದೆಯೆಂದು ಬೇಡಿಕೊಳ್ಳುವುದು ಯಂತ್ರ. ಮನುಷ್ಯನಿಂದ ಕೇಳಿಬರುವುದು ಹೆಚ್ಚಾಗಿ ಬರಿಯ ಉಸಿರು. ಫ್ಯಾನುಗಳ ಸದ್ದಿನಲ್ಲಿ ಆ ಉಸಿರು ಕೇಳಿಸದೇ ಹೋದರೆ ದೃಶ್ಯದ ತಿರುಳೇ ಕೈತಪ್ಪಿದಂತೆ.

ಆಂದ್ರೇ ತಾರ್ಕೊವ್‌ಸ್ಕಿ ಅವರ 'ಸ್ಟಾಕರ್' (1979) ಇದೇ ಪರದೆಯ ಮೇಲೆ ಗೆದ್ದಿತು. ನಿಷಿದ್ಧ ವಲಯದೊಳಗೆ ಹೋಗುವ ಮೂವರು, ಬಟ್ಟೆಯ ಪಟ್ಟಿ ಕಟ್ಟಿದ ಕಬ್ಬಿಣದ ನಟ್ಟನ್ನು ಮುಂದೆ ಎಸೆದು, ಅದು ಬಿದ್ದ ಜಾಗದತ್ತ ಹೆಜ್ಜೆಯಿಡುತ್ತಾರೆ. ಹುಲ್ಲು, ನೀರು, ಹಳೆಯ ಕಟ್ಟಡಗಳಲ್ಲದೆ ಅಲ್ಲಿ ಅಪಾಯವೆಂಬುದು ಕಣ್ಣಿಗೆ ಕಾಣುವುದೇ ಇಲ್ಲ. ದಾರಿ ತೋರಿಸುವವನ ನಂಬಿಕೆಯೊಂದರಿಂದಲೇ ನಮಗೂ ಎದೆ ನಡುಗುತ್ತದೆ. ಆದರೆ ಪ್ರದರ್ಶನಕ್ಕೆ ಮುಂಚೆ ಹಂಚಿದ ಒಂದು ಪುಟದ ಕನ್ನಡ ಟಿಪ್ಪಣಿ, ವಲಯ ಯಾವುದರ ಸಂಕೇತ, ಅದರೊಳಗಿನ ಆಸೆ ಈಡೇರಿಸುವುದೆನ್ನಲಾದ ಕೋಣೆ ಯಾವುದರ ಸಂಕೇತವೆಂದು ಪಟ್ಟಿ ಮಾಡಿಕೊಟ್ಟಿತ್ತು. ಒಗಟಿಗೆ ಉತ್ತರ ಹೇಳಿ ಆಮೇಲೆ ಒಗಟು ಕೇಳಿದಂತಹ ಈ ಕ್ರಮವನ್ನು ದಯವಿಟ್ಟು ಬಿಡಬೇಕು. ಟಿಪ್ಪಣಿಯನ್ನು ಚಿತ್ರ ಮುಗಿದ ಮೇಲೆ ಕೊಟ್ಟರೆ ಅದೇ ಬರಹ ಚರ್ಚೆಗೆ ಒದಗುತ್ತದೆ.

ಆ ಚರ್ಚೆಯೇ ಈ ಸರಣಿಯ ನಿಜವಾದ ಬಲ. ಕಾಲೇಜು ವಿದ್ಯಾರ್ಥಿನಿಯೊಬ್ಬರು, ವಲಯದ ಹೊರಗಿನ ಲೋಕ ಕಂದು ಛಾಯೆಯಲ್ಲಿದ್ದು ಒಳಗೆ ಹೋದೊಡನೆ ಬಣ್ಣ ತುಂಬುವುದನ್ನು ಗುರುತಿಸಿ, ಹಾಗಾದರೆ ನಿಷೇಧವಿರುವುದು ಯಾರ ಜಗತ್ತಿಗೆ ಎಂದು ಕೇಳಿದರು; ಹಿರಿಯರೂ ತಲೆದೂಗಿದರು. ಪ್ರವೇಶಕ್ಕೆ ಶುಲ್ಕವಿಲ್ಲ, ಇಚ್ಛೆಯಿದ್ದವರು ಡಬ್ಬಿಗೆ ಹಣ ಹಾಕಬಹುದು. ಕುರ್ಚಿಗಳು ಸಾಧಾರಣ.

ಆ ಹಣದಲ್ಲಿ ಮೊದಲು ಗವಾಕ್ಷಿಗಳಿಗೆ ದಪ್ಪನೆಯ ಕಪ್ಪು ಪರದೆ ಹಾಕಿಸಿ, ಆಮೇಲೆ ಒಳ್ಳೆಯ ಸ್ಪೀಕರ್ ತರಬೇಕು. ಪ್ರದರ್ಶನವನ್ನು ಒಂದು ಗಂಟೆ ಮುಂಚೆಯೇ ಶುರುಮಾಡಿದರೆ ಗುಬ್ಬಿ, ಕುಣಿಗಲ್ ಕಡೆಯಿಂದ ಬರುವವರು ಬಸ್ಸಿನ ಚಿಂತೆಯಿಲ್ಲದೆ ಚರ್ಚೆ ಮುಗಿಯುವವರೆಗೂ ಕೂರಬಹುದು.