ಜಿಮ್ನಿ ತಲೆ ಮೇಲಿನ ಕ್ಯಾರಿಯರ್: ಎರಡು ವರ್ಷ ಬಳಸಿ ಇಳಿಸಿಬಿಟ್ಟೆ

ಮೊದಲೇ ಹೇಳಿಬಿಡುತ್ತೇನೆ. 18,500 ರೂಪಾಯಿ ಕೊಟ್ಟು ಹಾಕಿಸಿದ ಕಬ್ಬಿಣದ ಕ್ಯಾರಿಯರ್ ಈಗ ನನ್ನ ಮಾರುತಿ ಜಿಮ್ನಿ ಮೇಲಿಲ್ಲ. ಆಮೇಲೆ ಸಾಮಾನು ಕಟ್ಟಲು 1,100 ರೂಪಾಯಿಗೆ ತಂದ, ಹಿಡಿ ಆಡಿಸಿ ಬಿಗಿಸುವ ಎರಡು ರ‍್ಯಾಚೆಟ್ ಬೆಲ್ಟ್ ಮಾತ್ರ ಸೀಟಿನ ಕೆಳಗೆ ಇನ್ನೂ ಇವೆ. ವಾರಕ್ಕೊಮ್ಮೆಯಾದರೂ ಹೊರಗೆ ಬರುತ್ತವೆ.

ನಮ್ಮದು ಚಿಕ್ಕಬಳ್ಳಾಪುರದ ಹತ್ತಿರ ಹಿಪ್ಪುನೇರಳೆ ತೋಟ, ಜೊತೆಗೆ ರೇಷ್ಮೆ ಹುಳು ಸಾಕುವ ಒಂದು ಮನೆ. 5 ಬಾಗಿಲಿನ ಜಿಮ್ನಿಯನ್ನು 2023ರ ಕೊನೆಯಲ್ಲಿ ತಗೊಂಡೆ. ತೋಟದ ದಾರಿ ಮಳೆಗಾಲದಲ್ಲಿ ಕೆಸರು ಗದ್ದೆ, ಹಾಗಾಗಿ 4 ಚಕ್ರಕ್ಕೂ ಎಳೆತ ಬೇಕು ಅನ್ನೋದು ಮನೆಯಲ್ಲಿ ಹೇಳಿದ ಕಾರಣ. ಭಾನುವಾರ ಗೆಳೆಯರ ಜೊತೆ ಗುಡಿಬಂಡೆ ಕಡೆ ಬಂಡೆಗಳ ನಡುವೆ ಟೆಂಟ್ ಹಾಕಬೇಕು ಅನ್ನೋದು ಹೇಳದ ಕಾರಣ. ಗಾಡಿ ಬಗ್ಗೆ ದೂರಿಲ್ಲ. ಆದರೆ ಡಿಕ್ಕಿ ಚಿಕ್ಕದು: ಹಿಂದಿನ ಸೀಟು ಎತ್ತಿದ್ದರೆ 208 ಲೀಟರ್, ಮಡಚಿದರೆ 332. ನಾಲ್ಕು ಜನ ಕೂತ ಮೇಲೆ ಎರಡು ಬ್ಯಾಗು, ಒಂದು ನೀರಿನ ಕ್ಯಾನು ಇಟ್ಟರೆ ಮುಗಿಯಿತು. ಹಾಗಾಗಿ ಎಲ್ಲರ ಕಣ್ಣೂ ತಲೆ ಮೇಲೆಯೇ ಹೋಗುತ್ತದೆ.

ಜಿಮ್ನಿಯ ಛಾವಣಿಯ ಎರಡೂ ಬದಿ ಮಳೆನೀರು ಹರಿಯುವ ಅಂಚು ಇದೆಯಲ್ಲ, ಕ್ಯಾರಿಯರಿನ ಕ್ಲ್ಯಾಂಪು ಅದನ್ನೇ ಕಚ್ಚಿಕೊಳ್ಳುತ್ತದೆ. ತೂತು ಕೊರೆಯುವ ಕೆಲಸವಿಲ್ಲ. ಬೆಂಗಳೂರಿನ ಒಂದು ಅಂಗಡಿಯಲ್ಲಿ ಅರ್ಧ ದಿನದಲ್ಲಿ ಕೂರಿಸಿ ಕೊಟ್ಟರು. ಕಪ್ಪು ಬಣ್ಣ, ಸುತ್ತ ಕಟಕಟೆ, ಮುಂದೆ ಲೈಟಿಗೆ ಜಾಗ. ನೋಡಲು ಭರ್ಜರಿ. "ಎಷ್ಟು ಭಾರ ಹಾಕಬಹುದು?" ಅಂತ ಕೇಳಿದೆ. "ನೂರು ಕೆಜಿ ಹಾಕಿ ಸಾರ್, ಏನೂ ಆಗಲ್ಲ" ಅಂದರು. ನಂಬಿದೆ. ಆ ನೂರು ಕೆಜಿ ಕ್ಯಾರಿಯರ್ ಹೊರುವ ಭಾರ, ಗಾಡಿ ಹೊರುವ ಭಾರ ಅಲ್ಲ ಅನ್ನೋದು ಆಗ ಹೊಳೆಯಲಿಲ್ಲ.

ಮೊದಲ ಆರು ತಿಂಗಳು ಖುಷಿಯೋ ಖುಷಿ. ಟೆಂಟು, ಚಾಪೆ, ಕುರ್ಚಿ, ಸ್ಟವ್, ಗುದ್ದಲಿ, ಜಾಕಿ ಎಲ್ಲಾ ಮೇಲೆ. ಪೆಟ್ರೋಲ್ ಕ್ಯಾನಿಗೆ ಅಂತ ಒಂದು ಚೌಕಟ್ಟನ್ನೂ ಹಾಕಿಸಿದ್ದೆ. ಜಿಮ್ನಿ ಟ್ಯಾಂಕು 40 ಲೀಟರ್, ಹೆದ್ದಾರಿ 44ರಲ್ಲಿ ಬಂಕುಗಳಿಗೆ ಬರವಿಲ್ಲ. ಆ ಕ್ಯಾನು ಬರೀ ಫೋಟೋಗೆ.

ಆಮೇಲೆ ಚಂದ್ರಿಕೆ ಘಟನೆ ನಡೆಯಿತು.

ರೇಷ್ಮೆ ಮಾಡುವವರಿಗೆ ಗೊತ್ತು, ಹುಳು ಹಣ್ಣಾಗಿ ಗೂಡು ಕಟ್ಟಲು ಹೊರಟ ದಿನ ಯಾರಿಗೂ ಪುರುಸೊತ್ತಿರಲ್ಲ. ನಮ್ಮಲ್ಲಿ ಚಂದ್ರಿಕೆ, ಅಂದರೆ ಹುಳು ಗೂಡು ಕಟ್ಟುವ ತಟ್ಟಿ, ಸಾಲದೇ ಬಂತು. ಶಿಡ್ಲಘಟ್ಟದ ಕಡೆ ಒಬ್ಬರ ಹತ್ತಿರ ಬಾಡಿಗೆಗೆ ಸಿಗುತ್ತದೆ ಅಂತ ಓಡಿದೆ. ಬಿದಿರಿನ ಚಂದ್ರಿಕೆ 6 ಅಡಿ ಉದ್ದ, 4 ಅಡಿ ಅಗಲ. ಒಬ್ಬನೇ ಎತ್ತಿ ಮೇಲೆ ಹಾಕಬಹುದು, ಅಷ್ಟು ಹಗುರ. ನಾಲ್ಕನ್ನು ಒಂದರ ಮೇಲೊಂದು ಮಲಗಿಸಿ, ಕ್ಯಾರಿಯರಲ್ಲಿ ವರ್ಷದಿಂದ ಬಿಸಿಲಿಗೆ ಬಿದ್ದಿದ್ದ ನೀಲಿ ಪ್ಲಾಸ್ಟಿಕ್ ಹಗ್ಗದಲ್ಲಿ ನಡುವೆ ಎರಡು ಸುತ್ತು ಬಿಗಿದೆ. ಹಗುರವಲ್ಲವಾ, ಎಲ್ಲಿ ಹೋಗುತ್ತದೆ ಅಂತ.

ವೇಗ 60 ಇರಬಹುದು. ತಲೆ ಮೇಲೆ ಪಟ್ ಅಂತ ಸದ್ದು. ಕನ್ನಡಿಯಲ್ಲಿ ನೋಡಿದರೆ ಮೇಲಿನ ಚಂದ್ರಿಕೆ ಗಾಳಿಪಟದ ಹಾಗೆ ಎದ್ದು ರಸ್ತೆಗೆ ಅಡ್ಡ ಬಿತ್ತು. ಹಿಂದೆ ಬರುತ್ತಿದ್ದ ಬೈಕಿನವರು ಹೇಗೋ ಬದಿಗೆ ತಿರುಗಿಸಿಕೊಂಡರು. ಗಾಡಿ ನಿಲ್ಲಿಸಿ ಓಡಿಹೋದೆ. "ಏನಣ್ಣಾ, ತಲೆ ತೆಗೀತಿದ್ದೆಯಲ್ಲ" ಅಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಮನೆಗೆ ಬರುವವರೆಗೂ ಕೈ ನಡುಗುತ್ತಿತ್ತು.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎದುರು ಗಾಳಿ ಒಂದು ಚದರ ಮೀಟರಿಗೆ ಸುಮಾರು 17 ಕೆಜಿಯಷ್ಟು ಒತ್ತುತ್ತದೆ. 80ಕ್ಕೆ ಹೋದರೆ 30 ಕೆಜಿ. ಚಂದ್ರಿಕೆ ಎರಡು ಚದರ ಮೀಟರಿಗಿಂತ ಸ್ವಲ್ಪ ಜಾಸ್ತಿ. ಮುಂದಿನ ಅಂಚು ಒಂದು ಸಲ ಮೇಲೆದ್ದು ಗಾಳಿಗೆ ಎದುರಾದರೆ, 60ರಲ್ಲೇ 35 ಕೆಜಿ ಎಳೆತ ಬೀಳಬಹುದು. ನಾನು ಕಟ್ಟಿದ್ದು ನಡುವೆ. ಬಿಡಬಾರದಾಗಿದ್ದ ಮುಂದಿನ ಅಂಚನ್ನೇ ಬಿಟ್ಟಿದ್ದೆ. ಹಗ್ಗ ಬೇರೆ ಬಿಸಿಲಿಗೆ ಸತ್ತಿತ್ತು. ಈ ಅಗ್ಗದ ಪ್ಲಾಸ್ಟಿಕ್ ಹಗ್ಗ ಹೊರಗೆ ಗಟ್ಟಿಯಾಗೇ ಕಾಣುತ್ತದೆ. ಉಗುರಲ್ಲಿ ಕೆರೆದರೆ ಪುಡಿ ಉದುರುತ್ತದೆ.

ಮಾರನೇ ವಾರ ಲಾರಿಯವರು ಬಳಸುವ ಪಾಲಿಯೆಸ್ಟರ್ ರ‍್ಯಾಚೆಟ್ ಬೆಲ್ಟ್ ತಂದೆ. ಪಾಲಿಯೆಸ್ಟರ್ ಯಾಕೆ ಅಂದರೆ ಜಾಸ್ತಿ ಹಿಗ್ಗುವುದಿಲ್ಲ, ಬಿಸಿಲನ್ನೂ ತಡೆಯುತ್ತದೆ. ನೈಲಾನ್ ಹಿಗ್ಗುತ್ತದೆ. ಹೂತ ಗಾಡಿಯನ್ನು ಎಳೆಯುವ ಹಗ್ಗಕ್ಕೆ ಆ ಗುಣ ಒಳ್ಳೆಯದು, ಸಾಮಾನು ಕಟ್ಟಲು ಬೇಡ. ಕೊಳ್ಳುವಾಗ ಪೊಟ್ಟಣದ ಮೇಲಿನ ದೊಡ್ಡ ಅಂಕಿ ನೋಡಿ ಮೋಸ ಹೋಗಬೇಡಿ. ಸಾಮಾನ್ಯವಾಗಿ ಅದು ಬೆಲ್ಟ್ ಹರಿಯುವ ಭಾರ. ನೆಚ್ಚಿಕೊಳ್ಳಬಹುದಾದ ಭಾರ ಅದರ ಮೂರನೇ ಒಂದು ಭಾಗದಷ್ಟು, ಅದನ್ನು ಬೆಲ್ಟಿಗೆ ಹೊಲಿದ ಚೀಟಿಯಲ್ಲಿ ಬರೆದಿರಬೇಕು. ಚೀಟಿಯೇ ಇಲ್ಲದ ಬೆಲ್ಟನ್ನು ನಾನು ಅಂಗಡಿಯಲ್ಲೇ ವಾಪಸ್ ಇಟ್ಟು ಬಂದೆ.

ಬಳಸಿ ಬಳಸಿ ಕಲಿತದ್ದೂ ಇದೆ. ಬೆಲ್ಟಿಗೆ ಗಂಟು ಹಾಕಿದರೆ ಬಲ ಅರ್ಧಕ್ಕೆ ಇಳಿಯುತ್ತದೆ. ಚೂಪಾದ ಅಂಚಿನ ಮೇಲೆ ಹಾಯುವ ಕಡೆ ಹಳೇ ಸೈಕಲ್ ಟ್ಯೂಬಿನ ತುಂಡು ತೂರಿಸಿಡುತ್ತೇನೆ. ಓಡುವಾಗ ಬೆಲ್ಟ್ ಗುಂಯ್ ಅಂತ ಕೂಗುತ್ತಿದ್ದರೆ, ಚಾಚಿದ ಭಾಗಕ್ಕೆ ಒಂದೇ ಒಂದು ತಿರುವು ಕೊಡಿ, ನಿಲ್ಲುತ್ತದೆ. ಹೊರಟ ಹತ್ತು ನಿಮಿಷಕ್ಕೆ ಇಳಿದು ಒಮ್ಮೆ ಬಿಗಿ ನೋಡಬೇಕು, ಯಾಕೆಂದರೆ ಸಾಮಾನು ಕುಲುಕಿ ಕೂತ ಮೇಲೆ ಬೆಲ್ಟ್ ಸಡಿಲವಾಗೇ ಆಗುತ್ತದೆ. ಕೊಕ್ಕೆ ಇರುವ ರಬ್ಬರ್ ಹಗ್ಗ ಮಾತ್ರ ಬೇಡ. ಕೈ ಜಾರಿದರೆ ಕಣ್ಣಿಗೇ ಬರುತ್ತದೆ.

ಕ್ಯಾರಿಯರ್ ಕಥೆ ಇನ್ನೂ ಮುಗಿದಿರಲಿಲ್ಲ. ವರ್ಷ ಕಳೆದ ಮೇಲೆ ಬೆಸುಗೆ ಜಾಗದಲ್ಲೆಲ್ಲಾ ತುಕ್ಕು ಎದ್ದಿತು. ಹೊಸ ಬಣ್ಣ ಹೊಡೆಸಲು ಇಳಿಸಿದಾಗ ಸುಮ್ನೆ ತಮಾಷೆಗೆ ತೂಕ ಹಾಕಿಸಿದೆ. ಬರೀ ಕ್ಯಾರಿಯರ್ 24 ಕೆಜಿ! 3 ಬಾಗಿಲಿನ ಜಿಮ್ನಿಗೆ ಹೊರದೇಶಗಳಲ್ಲಿ ಕಂಪನಿ ಕೊಟ್ಟಿರುವ ಛಾವಣಿ ಮಿತಿ 30 ಕೆಜಿ, ಅದೂ ಕ್ಯಾರಿಯರ್ ತೂಕ ಸೇರಿ. ನನ್ನದು 5 ಬಾಗಿಲಿನದು ನಿಜ, ಆದರೂ ಅಳತೆಗೆ ಅದನ್ನೇ ಇಟ್ಟುಕೊಂಡೆ. ಅಂದರೆ ನನಗೆ ಉಳಿದದ್ದು 6 ಕೆಜಿ. ನಾನು ಜಾಕಿ, ಗುದ್ದಲಿ, ನೀರಿನ ಕ್ಯಾನು ಎಲ್ಲಾ ಪೇರಿಸಿಕೊಂಡು ಬೆಟ್ಟದ ಬದಿ ಓಡಾಡಿದ್ದೆ. ಓರೆ ದಾರಿಯಲ್ಲಿ ಗಾಡಿ ಯಾಕೆ ಅಷ್ಟು ವಾಲುತ್ತಿತ್ತು ಅಂತ ಆಗ ಗೊತ್ತಾಯಿತು. ಅಷ್ಟೆತ್ತರದಲ್ಲಿ ಕೂತ ಒಂದು ಕೆಜಿಯೂ ಒಂದು ಕೆಜಿಯಂತೆ ವರ್ತಿಸುವುದಿಲ್ಲ.

ಈಗ ಛಾವಣಿಗೆ ಅಡ್ಡಲಾಗಿ ಎರಡು ಅಲ್ಯೂಮಿನಿಯಂ ಬಾರ್ ಮಾತ್ರ, ಜೋಡಿಗೆ ಐದೂವರೆ ಕೆಜಿ. ಕಚ್ಚಾ ದಾರಿಯಲ್ಲಿ ಮಿತಿಯನ್ನು ಮೂರನೇ ಒಂದು ಭಾಗ ಕಡಿಮೆ ಮಾಡಿ ಅಂತ ಕ್ಯಾರಿಯರ್ ಮಾಡುವ ಕಂಪನಿಗಳೇ ಹೇಳುತ್ತವೆ. 30 ಹೋಗಿ 20. ಅದರಲ್ಲಿ ಬಾರ್ ತೂಕ ಕಳೆದರೆ ಹದಿನಾಲ್ಕೂವರೆ ಕೆಜಿ. ಟೆಂಟು, ಚಾಪೆ, ಮಡಚುವ ಕುರ್ಚಿ, ಅಲ್ಲಿಗೆ ಸರಿಹೋಗುತ್ತದೆ. ಬಾರಿನ ನಟ್ಟುಗಳ ಮೇಲೆ ಬಿಳಿ ಪೇಂಟಿನಲ್ಲಿ ಗೆರೆ ಎಳೆದಿದ್ದೇನೆ. ನಟ್ಟು ತಿರುಗಿದ್ದರೆ ಗೆರೆ ಮುರಿದು ಕಾಣುತ್ತದೆ, ಪಾನಾ ಹಿಡಿದು ಒಂದೊಂದೇ ನೋಡುವ ಕೆಲಸ ತಪ್ಪಿತು. ಹೆದ್ದಾರಿಯಲ್ಲಿ ಗಾಳಿ ಸದ್ದು ಕಡಿಮೆಯಾಗಿದೆ. ಲೀಟರಿಗೆ 12ಕ್ಕೆ ಇಳಿದಿದ್ದ ಮೈಲೇಜು ಮತ್ತೆ 14ಕ್ಕೆ ಬಂದಿದೆ.

ಭಾರದ್ದೆಲ್ಲಾ ಒಳಗೆ, ನೆಲದ ಮೇಲೆ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿ. ಖಾಲಿ ಸೀಟಾದರೂ ಅದರ ಬೆಲ್ಟ್ ಸಿಕ್ಕಿಸಿಡುತ್ತೇನೆ, ಸಾಮಾನು ಮುಂದಕ್ಕೆ ನುಗ್ಗಿದರೆ ಸೀಟಿನ ಬೆನ್ನಿಗೆ ಆಸರೆ. ಟೂಲ್ ಬಾಕ್ಸನ್ನು ಹಾಗೇ ಬಿಡುವವರಿಗೆ ಒಂದು ಲೆಕ್ಕ: ಗಾಡಿ 50ರಲ್ಲಿ ಹೋಗಿ ಗುದ್ದಿ ನಿಂತರೆ, ಕಟ್ಟದೇ ಇಟ್ಟ ಪೆಟ್ಟಿಗೆ 10 ಮೀಟರ್ ಎತ್ತರದಿಂದ ಬಿದ್ದ ವೇಗದಲ್ಲಿ ನಿಮ್ಮ ಬೆನ್ನ ಕಡೆ ಬರುತ್ತದೆ. ಮೂರನೇ ಮಹಡಿಯಿಂದ ಯಾರೋ ಎಸೆದ ಹಾಗೆ.

ಪೊಲೀಸರ ವಿಷಯ ಕೇಳುವವರಿದ್ದಾರೆ. ನನ್ನನ್ನು ಯಾರೂ ಹಿಡಿದಿಲ್ಲ. ಆದರೆ ಸಾಮಾನು ಗಾಡಿಯ ಪಕ್ಕಕ್ಕೋ ಹಿಂದಕ್ಕೋ ಮುಂದಕ್ಕೋ ಚಾಚಿಕೊಂಡಿದ್ದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ 20,000 ರೂಪಾಯಿ ದಂಡ ಇದೆ. ಬಂಪರಿನ ಮುಂದೆ ಕಬ್ಬಿಣದ ಕಟಕಟೆ, ಅಂದರೆ ಬುಲ್ ಬಾರ್, ಹಾಕಿಸಬೇಡಿ, ಅದರ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಅಂಗಡಿಯವರು ಕ್ಯಾರಿಯರ್ ಜೊತೆ ಅದನ್ನೂ "ಸೆಟ್" ಅಂತ ಕಟ್ಟಲು ನೋಡುತ್ತಾರೆ.

ಕಬ್ಬಿಣದ ಕ್ಯಾರಿಯರಿಗೆ 5ಕ್ಕೆ 2. ಆ ಎರಡೂ ಬೆಸುಗೆ ಬಿಡಲಿಲ್ಲ ಅನ್ನೋದಕ್ಕೆ. ಅಲ್ಯೂಮಿನಿಯಂ ಬಾರಿಗೆ 4, ಬೀಗ ಕೊಟ್ಟಿಲ್ಲ ಅಂತ ಒಂದು ಕಡಿತ. ಬೆಲ್ಟಿಗೆ 5. ಚಂದ್ರಿಕೆಗಳು ಈಗ ಟಾಟಾ ಏಸ್‌ನಲ್ಲಿ ಬರುತ್ತವೆ, ಬಾಡಿಗೆ ಕೊಟ್ಟರೂ ಚಿಂತೆಯಿಲ್ಲ. ಹಳೇ ಕ್ಯಾರಿಯರನ್ನು ಮಾರೋಣ ಅಂತಿದ್ದೆ. ಅಷ್ಟರಲ್ಲಿ ಅಮ್ಮ ಅದನ್ನು ನಾಲ್ಕು ಇಟ್ಟಿಗೆ ಮೇಲೆ ಇಡಿಸಿ, ಚಾಪೆ ಹಾಸಿ, ಹುಣಸೆಹಣ್ಣು ಒಣಗಲು ಹಾಕಿಬಿಟ್ಟಿದ್ದಾರೆ. ಲೈಟಿಗೆ ಅಂತ ಬಿಟ್ಟಿದ್ದ ಜಾಗದಲ್ಲಿ ಕಾಗೆ ಓಡಿಸುವ ಕೋಲು ಸಿಕ್ಕಿಸಿದ್ದಾರೆ.